ಒಂದು ಸೆಂಟಿಮೀಟರಿಗೆ ಸಾವಿರ ಕಿಲೋಮೀಟರ್: ನನ್ನ ಅನುಭವ

ಆಸಕ್ತರಿಗೆ ಖಗೋಳ ವಿಜ್ಞಾನವನ್ನು ಹೇಳಿಕೊಡಲು ತೊಡಗುವ ಮುನ್ನ, ಚಂದ್ರನ ವೃದ್ಧಿಕ್ಷಯಗಳಿಗೆ ಭೂಮಿಯ ನೆರಳೇ ಕಾರಣವೆಂದು ನಾನೂ ನಂಬಿದ್ದೆ. ಸರಿಯಾದ ವಿವರಣೆಯನ್ನು ಪುಸ್ತಕದಲ್ಲಿ ಓದಿದ ಮೇಲೂ ಆ ನಂಬಿಕೆ ಅಳಿಯಲಿಲ್ಲ. ಪರೀಕ್ಷೆಗೊಂದು ಉತ್ತರ, ಮನಸ್ಸಿಗೊಂದು ಉತ್ತರ ಎಂಬಂತೆ ಎರಡೂ ನನ್ನೊಳಗೆ ಉಳಿದುಕೊಂಡಿದ್ದವು. ಆಗ ಒಂದು ಇಡೀ ಚಾಂದ್ರಮಾಸ, ಅಂದರೆ ಸುಮಾರು 29.5 ದಿನಗಳ ಕಾಲ, ಚಂದ್ರ ಕಂಡಾಗಲೆಲ್ಲ ಅದರ ಆಕಾರವನ್ನೂ ಆ ಹೊತ್ತಿನಲ್ಲಿ ಸೂರ್ಯನಿದ್ದ ದಿಕ್ಕನ್ನೂ ಬರೆದಿಡುತ್ತ ಬಂದೆ. ಕೃಷ್ಣಪಕ್ಷದ ಅಷ್ಟಮಿಯ ಸುಮಾರಿಗೆ, ಒಂದು ಬೆಳಿಗ್ಗೆ, ಪೂರ್ವದಲ್ಲಿ ಸೂರ್ಯನೂ ಪಶ್ಚಿಮಕ್ಕೆ ವಾಲಿದ ಅರ್ಧಚಂದ್ರನೂ ಒಟ್ಟಿಗೆ ಕಾಣಿಸಿದರು. ಭೂಮಿಯ ನೆರಳು ಸದಾ ಸೂರ್ಯನಿಗೆ ವಿರುದ್ಧ ದಿಕ್ಕಿಗೆ ಚಾಚಿರುತ್ತದೆಯಾದ್ದರಿಂದ, ಇಬ್ಬರ ನಡುವೆ ತೊಂಬತ್ತು ಡಿಗ್ರಿಯಷ್ಟೇ ಅಂತರವಿರುವಾಗ ಆ ನೆರಳು ಚಂದ್ರನನ್ನು ಮುಟ್ಟಲು ದಾರಿಯೇ ಇಲ್ಲ. ಬಿಳಿ ಚೆಂಡೊಂದನ್ನು ಬಿಸಿಲಿನಲ್ಲಿ, ಚಂದ್ರನ ಪಕ್ಕದಲ್ಲೇ ಕಾಣುವಂತೆ ತೋಳು ಚಾಚಿ ಹಿಡಿದೆ. ಚಂದ್ರನ ಯಾವ ಮಗ್ಗುಲು ಬೆಳಗಿತ್ತೋ ಚೆಂಡಿನದೂ ಅದೇ ಮಗ್ಗುಲು, ಅಷ್ಟೇ ಪ್ರಮಾಣದಲ್ಲಿ ಬೆಳಗಿತ್ತು. ಕತ್ತಲಾಗಿ ಕಾಣುತ್ತಿದ್ದದ್ದು ಬಿಸಿಲು ಬೀಳದ ಚಂದ್ರನದೇ ಮಗ್ಗುಲು. ಹಳೆಯ ನಂಬಿಕೆ ನನ್ನನ್ನು ಬಿಟ್ಟದ್ದು ಅಂದು.

ಬಾಹ್ಯಾಕಾಶದ ಬಗೆಗಿನ ಬಹಳಷ್ಟು ತಪ್ಪು ಕಲ್ಪನೆಗಳಿಗೆ, ಪುಟದೊಳಗೆ ಹಿಡಿಸಲೆಂದು ದೂರವನ್ನು ಕುಗ್ಗಿಸಿ ಬರೆದ ಚಿತ್ರಗಳೇ ಮೂಲವೆಂದು ನನ್ನ ಅಭಿಪ್ರಾಯ. ಅದಕ್ಕಾಗಿ ಒಂದು ಸೆಂಟಿಮೀಟರಿಗೆ ಸಾವಿರ ಕಿಲೋಮೀಟರ್ ಎಂಬ ಅಳತೆಯನ್ನು ಇಟ್ಟುಕೊಂಡೆ. ಇದರಲ್ಲಿ ಭೂಮಿ 12.7 ಸೆಂಟಿಮೀಟರ್ ಅಡ್ಡಗಲದ ಚೆಂಡು, ಚಂದ್ರ ಸುಮಾರು ಮೂರೂವರೆ ಸೆಂಟಿಮೀಟರಿನ ಗೋಲಿ. ಚಂದ್ರನನ್ನು ಎಲ್ಲಿಡಬೇಕೆಂದು ಕೇಳಿದರೆ ಹೆಚ್ಚಿನವರು ಒಂದು ಗೇಣು, ಹೆಚ್ಚೆಂದರೆ ಒಂದು ಮೊಳ ದೂರದಲ್ಲಿ ಹಿಡಿಯುತ್ತಾರೆ. 3 ಮೀಟರ್ 84 ಸೆಂಟಿಮೀಟರ್ ಉದ್ದದ ದಾರವನ್ನು ಬಿಚ್ಚುತ್ತ ಹೋದಂತೆ, ಅದು ಇಷ್ಟು ದೂರವೇ ಎಂಬ ಬೆರಗು ಅವರ ಮುಖದಲ್ಲಿ ಮೂಡುವುದನ್ನು ಪ್ರತಿ ಸಲವೂ ಕಂಡಿದ್ದೇನೆ.

ಆರಂಭದಲ್ಲಿ ನಾನು ಒಂದು ತಪ್ಪು ಮಾಡುತ್ತಿದ್ದೆ. ಸೂರ್ಯನ ಬದಲು ಇಟ್ಟ ದೀಪ, ಭೂಮಿ, ಚಂದ್ರ ಮೂರನ್ನೂ ಒಂದೇ ಮಟ್ಟದಲ್ಲಿ ಇರಿಸುತ್ತಿದ್ದೆ. ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣವಾಗಬೇಕಲ್ಲವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಾಗ ಉತ್ತರಿಸಲಾಗದೆ, ಮನೆಗೆ ಬಂದು ಲೆಕ್ಕ ಹಾಕಿದೆ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಕೇಳಲು ಇದು ಅಲ್ಪವೆನಿಸುತ್ತದೆ. ಆದರೆ ದಾರದ ತುದಿಯಲ್ಲಿ ಅದು 34 ಸೆಂಟಿಮೀಟರಿನಷ್ಟು ಏರಿಳಿತವಾಗುತ್ತದೆ, ಅಲ್ಲಿ ಭೂಮಿಯ ಗಾಢ ನೆರಳಿನ ಅಗಲವೋ ಕೇವಲ 9 ಸೆಂಟಿಮೀಟರ್. ಹೀಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಚಂದ್ರ ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ಹಾದುಹೋಗುತ್ತದೆ, ಎರಡು ಕಕ್ಷೆಗಳ ತಲಗಳು ಸಂಧಿಸುವ ಎಡೆಯ ಬಳಿ ಹುಣ್ಣಿಮೆ ಬಂದರೆ ಮಾತ್ರ ಗ್ರಹಣವಾಗುತ್ತದೆ. ಅಂದಿನಿಂದ ಗೋಲಿಯನ್ನು ಕಡ್ಡಿಯೊಂದರ ತುದಿಗೆ ಸಿಕ್ಕಿಸಿ, ಎತ್ತರವನ್ನು ಬದಲಿಸುತ್ತ ತೋರಿಸುತ್ತೇನೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವಾಕರ್ಷಣೆಯೇ ಇಲ್ಲವೆಂಬ ಕಲ್ಪನೆಯಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ನಿಲ್ದಾಣದ ಎತ್ತರ ಸುಮಾರು 400 ಕಿಲೋಮೀಟರ್. ನಮ್ಮ ಚೆಂಡಿನ ಮೇಲೆ ಬರೀ 4 ಮಿಲಿಮೀಟರ್. ಅಷ್ಟು ಹತ್ತಿರದಲ್ಲಿ ಭೂಮಿಯ ಸೆಳೆತ ಇಲ್ಲವಾಗುವುದಾದರೂ ಹೇಗೆ? ನೆಲದ ಮೇಲಿರುವುದರ ಸುಮಾರು ಶೇಕಡಾ 88ರಷ್ಟು ಸೆಳೆತ ಅಲ್ಲಿಯೂ ಇದೆ. ಗಗನಯಾತ್ರಿಗಳು ತೇಲುವುದು, ಅವರೂ ನಿಲ್ದಾಣವೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ; ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೂ ಸಾಗುತ್ತಿರುವುದರಿಂದ ಆ ಬೀಳುವಿಕೆ ಭೂಮಿಯನ್ನು ಸುತ್ತುವ ದಾರಿಯಾಗುತ್ತದೆ. ಇದನ್ನು ಮಾತಿನಲ್ಲಿ ಒಪ್ಪಿಸುವುದು ಕಷ್ಟ. ಆದ್ದರಿಂದ ತಳದ ಬಳಿ ತೂತು ಕೊರೆದ ಬಾಟಲಿಯಲ್ಲಿ ನೀರು ತುಂಬಿ, ಮುಚ್ಚಳವಿಲ್ಲದೆ, ಎತ್ತರದಿಂದ ಕೈಬಿಡುತ್ತೇನೆ. ಕೈಯಲ್ಲಿರುವಾಗ ಚಿಮ್ಮುತ್ತಿದ್ದ ನೀರು, ಬಾಟಲಿ ಬೀಳುತ್ತಿರುವಷ್ಟು ಹೊತ್ತೂ ನಿಂತುಬಿಡುತ್ತದೆ. ಮೊದಲ ಸಲ ಯಾರೂ ಅದನ್ನು ಸರಿಯಾಗಿ ಗಮನಿಸುವುದಿಲ್ಲ, ಮೂರ್ನಾಲ್ಕು ಸಲ ಮಾಡಲೇಬೇಕು.

ಋತುಗಳ ವಿಷಯಕ್ಕೆ ಇಷ್ಟೆಲ್ಲ ಸಿದ್ಧತೆ ಬೇಕಾಗಲಿಲ್ಲ. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿಯ ಆರಂಭದಲ್ಲಿ, ಉತ್ತರಾರ್ಧಗೋಳದಲ್ಲಿ ಚಳಿಗಾಲವಿರುವಾಗ ಎಂದೊಡನೆ, ದೂರವೇ ಕಾರಣವೆನ್ನುವವರು ತಾವಾಗಿಯೇ 23.4 ಡಿಗ್ರಿ ವಾಲಿದ ಅಕ್ಷದತ್ತ ತಿರುಗುತ್ತಾರೆ.

ಜ್ಯೋತಿರ್ವರ್ಷವು ಕಾಲದ ಅಳತೆಯೆಂದು ತಿಳಿದವರೂ ಹಲವರು ಇರುತ್ತಾರೆ. ಅದು ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರ, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್ ಎಂದು ಹೇಳಿ, ಲೆಕ್ಕವನ್ನು ಅವರಿಂದಲೇ ಮಾಡಿಸುತ್ತೇನೆ. ನಮ್ಮ ಅಳತೆಯಲ್ಲಿ ಸೂರ್ಯ ಸುಮಾರು 14 ಮೀಟರ್ ಅಗಲದ ಗೋಳವಾಗಿ ಒಂದೂವರೆ ಕಿಲೋಮೀಟರ್ ದೂರದಲ್ಲಿ ನಿಲ್ಲುತ್ತದೆ. ಅದನ್ನು ನಡೆದು ಮುಟ್ಟಬಹುದು. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಅದನ್ನು ಇದೇ ಅಳತೆಗೆ ಇಳಿಸಿದರೆ ಬರುವ ಉತ್ತರ ಸುಮಾರು 4 ಲಕ್ಷ ಕಿಲೋಮೀಟರ್. ಮೇಜಿನ ಮೇಲಿರುವ ಈ ಚೆಂಡಿಗೆ ನೆರೆಯ ನಕ್ಷತ್ರವನ್ನು ಜೋಡಿಸಬೇಕೆಂದರೆ, ಆಕಾಶದಲ್ಲಿರುವ ನಿಜವಾದ ಚಂದ್ರನನ್ನೂ ದಾಟಿ ಹೋಗಬೇಕಾಗುತ್ತದೆ.