ಮೊದಲ ಸಲ ದ್ರಾಕ್ಷಿ ವೈನ್ ಹಾಕುವವರಿಗೆ

ಕ್ರಿಸ್‌ಮಸ್‌ಗೆಂದು ನಾನು ಪ್ರತಿ ನವೆಂಬರ್‌ನಲ್ಲಿ ವೈನ್ ಹಾಕುತ್ತೇನೆ. ದ್ರಾಕ್ಷಿ ಮಾತ್ರ ಬೆಂಗಳೂರು ಬ್ಲೂ ಆಗಿರಬೇಕು; ಆ ದಪ್ಪ ಸಿಪ್ಪೆಯ ಬಣ್ಣ, ಘಮ ನನಗೆ ಬೇರೆ ಹಣ್ಣಿನಲ್ಲಿ ಸಿಕ್ಕಿಲ್ಲ.

2 ಕಿಲೋ ಹಣ್ಣು ತೊಳೆದು, ತೊಟ್ಟು ಬಿಡಿಸಿ, ಬಟ್ಟೆ ಮೇಲೆ ಹರಡಿ ಆರಿಸಿ. ಆಮೇಲೆ ಕೈಯಲ್ಲೇ ಹಿಚುಕಿ. ಮಿಕ್ಸಿ ಬೇಡವೇ ಬೇಡ, ಬೀಜ ಒಡೆದರೆ ವೈನ್ ಕಹಿಯಾಗುತ್ತದೆ. ಬಿಸಿನೀರಲ್ಲಿ ತೊಳೆದು ಒಣಗಿಸಿದ ಪಿಂಗಾಣಿ ಜಾಡಿಗೆ ಹಾಕಿ, 1 ಕಿಲೋ ಸಕ್ಕರೆ, ಕುದಿಸಿ ಆರಿಸಿದ 2 ಲೀಟರ್ ನೀರು ಸೇರಿಸಿ. ಅರ್ಧ ಟೀ ಚಮಚ ಯೀಸ್ಟನ್ನು ಉಗುರುಬೆಚ್ಚಗಿನ ನೀರಲ್ಲಿ ಕದಡಿ, ನೊರೆ ಬಂದಮೇಲೆ ಸುರಿಯಿರಿ. ಜಾಡಿಯ ಮೂರನೇ ಒಂದು ಭಾಗ ಖಾಲಿ ಇರಲಿ.

ಬಾಯಿಗೆ ತೆಳು ಬಟ್ಟೆ ಕಟ್ಟಿ. ಮೊದಲ ವರ್ಷ ನಾನು ಗಾಜಿನ ಬಾಟಲಿಗೆ ಮುಚ್ಚಳ ಬಿಗಿದಿದ್ದೆ; ಗ್ಯಾಸ್ ತುಂಬಿ ರಾತ್ರಿ ಸಿಡಿದು ಅಡುಗೆಮನೆ ಗೋಡೆಯೆಲ್ಲ ನೇರಳೆ!

ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ಕೈಯಾಡಿಸಿ. ಮೂರನೇ ದಿನ ಜಾಡಿಗೆ ಕಿವಿಯಿಟ್ಟರೆ ಚಿರ್ರೆಂಬ ಸದ್ದು ಕೇಳುತ್ತದೆ, ಸಿಪ್ಪೆ ಮೇಲೇಳುತ್ತದೆ. ಅದನ್ನು ಒಳಗೆ ಅದುಮದಿದ್ದರೆ ಬೂಷ್ಟು ಹಿಡಿಯುತ್ತದೆ. 21 ದಿನಕ್ಕೆ ಸೋಸಿ, ಮತ್ತೆರಡು ವಾರ ಅಲುಗಿಸದೆ ಇಡಿ. ಗಸಿ ತಳಕ್ಕೆ ಕೂತಮೇಲೆ ತಿಳಿಯನ್ನಷ್ಟೇ ಬಾಟಲಿಗೆ ಬಗ್ಗಿಸಿ.