ಫಾರ್ಮ್ಯಾಟ್ ಮಾಡದೆ ಬ್ಯಾಕ್‌ಡೋರ್ ತೆಗೆದ ನನ್ನ ಅನುಭವ

ಮಂಡ್ಯದ ಬೆಲ್ಲದ ಮಂಡಿಯೊಂದರ ಲೆಕ್ಕದ ಕಂಪ್ಯೂಟರಿನಲ್ಲಿ ಹೊಕ್ಕಿದ್ದ, ಹೊರಗಿನವರಿಗೆ ಕಳ್ಳಬಾಗಿಲು ತೆರೆದುಕೊಡುವ ಬ್ಯಾಕ್‌ಡೋರನ್ನು ಫಾರ್ಮ್ಯಾಟ್ ಮಾಡದೆಯೇ ತೆಗೆಯುತ್ತೇನೆಂದು ನಾನು ಹೇಳಿದಾಗ ಸರ್ವೀಸ್ ಕೆಲಸದ ಗೆಳೆಯರು ನಕ್ಕಿದ್ದರು. ಫಾರ್ಮ್ಯಾಟಿಗೆ ಐನೂರು ರೂಪಾಯಿ, ಒಂದೆರಡು ಗಂಟೆಯ ಕೆಲಸ. ಅದನ್ನು ಬಿಟ್ಟು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವುದೇಕೆ ಎಂಬುದು ಅವರ ವಾದ. ಆದರೆ ಆ ಯಂತ್ರಕ್ಕೆ ನನಗಿಂತ ಮೊದಲು ಬಂದವರು ಎರಡು ಬಾರಿ ಫಾರ್ಮ್ಯಾಟ್ ಹೊಡೆದಾಗಿತ್ತು, ಹರಾಜಿನ ಹೊತ್ತಿನಲ್ಲಿ ಮೌಸ್ ತಾನಾಗಿಯೇ ಓಡಾಡುವ ಕಾಟ ಮಾತ್ರ ಎರಡು ಬಾರಿಯೂ ಮರಳಿ ಬಂದಿತ್ತು. ಪ್ರತಿ ಸಲವೂ ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಕನ್ನಡ ಟೈಪಿಂಗಿನ ನುಡಿ ಎಲ್ಲವನ್ನೂ ಮತ್ತೆ ಕೂರಿಸುವಷ್ಟರಲ್ಲಿ ಮಂಡಿಯ ಒಂದು ದಿನದ ವ್ಯವಹಾರ ಕೆಟ್ಟಿರುತ್ತಿತ್ತು.

ಮೊದಲು ಎಂಟುನೂರು ರೂಪಾಯಿಯ ಆಂಟಿವೈರಸ್ ಹಾಕಿ ನೋಡಿದೆ. ಅದು ಒಂದು ಕಡತವನ್ನು ಹಿಡಿದು ಅಳಿಸಿತು, ಮರುದಿನ ಅದೇ ಕಡತ ಬೇರೆ ಹೆಸರಿನಲ್ಲಿ ಬಂದು ಕುಳಿತಿತ್ತು. ಓಡುತ್ತಿರುವ ಪ್ರೋಗ್ರಾಮುಗಳನ್ನೆಲ್ಲ ತೋರಿಸುವ ಪ್ರೊಸೆಸ್ ಎಕ್ಸ್‌ಪ್ಲೋರರ್ ತೆರೆದಾಗ ಕಳ್ಳ ಕಣ್ಣಿಗೆ ಬಿದ್ದ. ವಿಂಡೋಸಿನದೇ ಎಸ್‌ವಿಸಿಹೋಸ್ಟ್ ಎಂಬ ಹೆಸರೇನೋ ಸರಿಯಾಗಿತ್ತು, ಆದರೆ ಓಡುತ್ತಿದ್ದದ್ದು ವಿಂಡೋಸಿನ ಸಿಸ್ಟಂ32 ಫೋಲ್ಡರಿನಿಂದಲ್ಲ, ಬಳಕೆದಾರನ ಆ್ಯಪ್‌ಡೇಟಾ ಫೋಲ್ಡರಿನಿಂದ. ಅದನ್ನು ಶುರುಮಾಡಿದ ತಂದೆ ಪ್ರೊಸೆಸ್ ಕೂಡ, ಇರಬೇಕಾದಂತೆ, ವಿಂಡೋಸಿನ ಸರ್ವೀಸಸ್ ಆಗಿರಲಿಲ್ಲ. ವಿಂಡೋಸ್ ಶುರುವಾದಾಗ ಏನೇನು ಓಡಬೇಕೆಂದು ಬರೆದಿಡುವ ರಿಜಿಸ್ಟ್ರಿಯ ರನ್ ಕೀಲಿಯಲ್ಲಿ ಮೂವತ್ತೆರಡು ಅಕ್ಷರಗಳ ಅರ್ಥವಿಲ್ಲದ ಹೆಸರು, ಫೈರ್‌ವಾಲಿನಲ್ಲಿ ಅದಕ್ಕೆಂದೇ ತೆರೆದ ಅನುಮತಿ, 5552ನೇ ಪೋರ್ಟಿಗೆ (ಸಂಪರ್ಕದ ಬಾಗಿಲ ಸಂಖ್ಯೆ) ಹೊರಮುಖ ಸಂಪರ್ಕ. ಇದು ಎನ್‌ಜೆರ್‍ಯಾಟ್ ಎಂಬ, ದೂರದಿಂದ ಯಂತ್ರವನ್ನು ಆಳುವ ಬ್ಯಾಕ್‌ಡೋರ್ ಎಂದು ಹೇಳಲು ಅಷ್ಟೇ ಸಾಕು. ವಿಂಡೋಸಿನ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಇದನ್ನೇ ಬ್ಲಾಡಾಬಿಂಡಿ ಎನ್ನುತ್ತದೆ. 2014ರಲ್ಲಿ ಮೈಕ್ರೋಸಾಫ್ಟ್ ಕೋರ್ಟಿನ ಆದೇಶ ತಂದು ಡೊಮೇನ್ ಸೇವೆ ಕೊಡುವ ನೋ-ಐಪಿ ಕಂಪನಿಯ ಡೊಮೇನುಗಳನ್ನು ವಶಕ್ಕೆ ತೆಗೆದುಕೊಂಡದ್ದು ಇದರ ಮತ್ತು ಇಂಥದೇ ಇನ್ನೊಂದರ ಕಾಟಕ್ಕೆ. ಆದರೂ ಇದರ ಸಂತಾನ ಇನ್ನೂ ಓಡಾಡುತ್ತಲೇ ಇದೆ.

ಟಾಸ್ಕ್ ಮ್ಯಾನೇಜರಿನಲ್ಲಿ ಅದನ್ನು ಕೊಂದರೆ ನೀಲಿ ಪರದೆ ಬರುತ್ತದೆ, ಏಕೆಂದರೆ ತಾನು ಸತ್ತರೆ ವಿಂಡೋಸೂ ಬೀಳುವಂತೆ ಅದು ತನ್ನನ್ನು ಕ್ರಿಟಿಕಲ್ ಪ್ರೊಸೆಸ್ ಎಂದು ಗುರುತು ಹಾಕಿಕೊಂಡಿರುತ್ತದೆ. ರನ್ ಕೀಲಿಯನ್ನು ಅಳಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಬರೆದುಕೊಳ್ಳುತ್ತದೆ. ಆದ್ದರಿಂದ ಲ್ಯಾನ್ ಕೇಬಲ್ ಕಿತ್ತು, ಡಿಸ್ಕಿನ ಪೂರ್ತಿ ಇಮೇಜನ್ನು, ಅಂದರೆ ಯಥಾವತ್ ನಕಲನ್ನು, ಹೊಸ ಎಸ್‌ಎಸ್‌ಡಿಗೆ ಇಳಿಸಿಕೊಂಡು (ಅದಕ್ಕೆ ಸುಮಾರು ಸಾವಿರದಾರುನೂರು ನನ್ನ ಕೈಯಿಂದಲೇ ಹೋಯಿತು), ಪ್ರೊಸೆಸನ್ನು ಕೊಲ್ಲದೆ ಸಸ್ಪೆಂಡ್ ಮಾಡಿದೆ, ಅಂದರೆ ಇದ್ದಲ್ಲೇ ತಡೆದು ನಿಲ್ಲಿಸಿದೆ. ಸಸ್ಪೆಂಡ್ ಆದದ್ದಕ್ಕೆ ಕೀಲಿಯನ್ನು ಮತ್ತೆ ಬರೆಯುವ ಶಕ್ತಿ ಇರುವುದಿಲ್ಲ. ಆಗ ರನ್ ಕೀಲಿ, ಸ್ಟಾರ್ಟಪ್ ಫೋಲ್ಡರಿನ ನಕಲು, ಫೈರ್‌ವಾಲಿನ ಅನುಮತಿ ಮೂರನ್ನೂ ತೆಗೆದು, ಶಟ್‌ಡೌನ್ ಕೊಡದೆ ಪವರ್ ಗುಂಡಿಯನ್ನೇ ಒತ್ತಿ ಹಿಡಿದು ಯಂತ್ರ ಆರಿಸಿ, ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಮೂಲ ಕಡತವನ್ನು ಅಳಿಸಿದೆ.

ಇಷ್ಟಾದರೂ ಅದು ಮರಳಿ ಬಂತು. ಈ ಸಲ, ತಾನಾಗಿ ಶುರುವಾಗುವುದನ್ನೆಲ್ಲ ಪಟ್ಟಿ ಮಾಡುವ ಆಟೋರನ್ಸ್‌ನಲ್ಲಿ, ಹೊತ್ತಿಗೆ ಸರಿಯಾಗಿ ಓಡುವ ಕೆಲಸಗಳ ಶೆಡ್ಯೂಲ್ಡ್ ಟಾಸ್ಕ್ ಪುಟವನ್ನು ಸಾಲುಸಾಲಾಗಿ ಓದಿದೆ. ಅಲ್ಲಿ ಡಬ್ಲ್ಯುಸ್ಕ್ರಿಪ್ಟ್‌ನ ಸಾಲೊಂದಿತ್ತು. ಸ್ಕ್ರಿಪ್ಟುಗಳನ್ನು ಓಡಿಸುವ ಈ ಡಬ್ಲ್ಯುಸ್ಕ್ರಿಪ್ಟ್‌ಗೆ ಮೈಕ್ರೋಸಾಫ್ಟಿನದೇ ಸಹಿ ಇರುವುದರಿಂದ ಅಂಥ ಸಾಲನ್ನು ನಾವೆಲ್ಲ ನೋಡದೆ ದಾಟಿಬಿಡುತ್ತೇವೆ. ಅದು ಓಡಿಸುತ್ತಿದ್ದ ವಿಬಿಎಸ್ ಸ್ಕ್ರಿಪ್ಟ್ ಕಡತ ಯಾರದೆಂದು ಕೇಳಬೇಕು. ಆ ಕಡತವೇ ಪ್ರತಿದಿನ ಹೊಸ ಪ್ರತಿಯನ್ನು ಇಳಿಸಿಕೊಳ್ಳುತ್ತಿತ್ತು. ಡಿಫೆಂಡರ್ ತಪಾಸಣೆ ಮಾಡದೆ ಬಿಡುವ ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಇಡೀ ಸಿ ಡ್ರೈವ್ ಕುಳಿತಿತ್ತು. ಎರಡನ್ನೂ ಅಲ್ಲಿಗೆ ತಂದದ್ದು ದುಡ್ಡು ಕೊಡದೆ ಮೈಕ್ರೋಸಾಫ್ಟ್ ಆಫೀಸ್ ಬಳಸಲು ಹಾಕುವ ಆಫೀಸ್ ಆಕ್ಟಿವೇಟರ್. ಅದು ಬಂದದ್ದು ಫಾರ್ಮ್ಯಾಟ್ ಮಾಡಿದವರ ಸೆಟಪ್ ಪೆನ್‌ಡ್ರೈವಿನಿಂದ. ಪ್ರತಿ ಫಾರ್ಮ್ಯಾಟಿನ ಜೊತೆಗೇ ಬ್ಯಾಕ್‌ಡೋರೂ ಹೊಸದಾಗಿ ಇನ್‌ಸ್ಟಾಲ್ ಆಗುತ್ತಿತ್ತು. ನಕ್ಕವರಿಗೆ ಇದನ್ನು ತೋರಿಸಿದ ದಿನ ನನಗೆ ಸ್ವಲ್ಪ ಜಂಬವೇ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಒಂದೇ ಹೊತ್ತಿನಲ್ಲಿ ಹುಟ್ಟಿದ ಕಡತಗಳನ್ನು ಲಕ್ಷಾಂತರ ಕಡತಗಳ ನಡುವಿನಿಂದ ಹೆಕ್ಕುವ ಒಂದು ಕಮಾಂಡನ್ನು ಹೊಂದಿಸಿಕೊಂಡಿದ್ದೇನೆ, ಆಕ್ಟಿವೇಟರಿನ ಜಾಡು ಸಿಕ್ಕಿದ್ದೂ ಅದರಿಂದಲೇ. ಅದು ನನ್ನ ಹೊಟ್ಟೆಪಾಡಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಕೆಲಸಕ್ಕೆ ಬೇಕಿಲ್ಲದಿದ್ದರೂ ಇನ್ನೊಂದು ಪ್ರಯೋಗ ಮಾಡಿದೆ. ಇಮೇಜನ್ನು ಮನೆಯ ಹಳೆಯ ಯಂತ್ರಕ್ಕೆ ಇಳಿಸಿ, ಇಂಟರ್ನೆಟ್ ಕೊಡದೆ, ಯಾವ ಹೆಸರಿಗೆ ಯಾವ ವಿಳಾಸವೆಂದು ಹೇಳುವ ಹೋಸ್ಟ್ಸ್ ಕಡತದಲ್ಲಿ ಬ್ಯಾಕ್‌ಡೋರ್ ಹುಡುಕುವ ಡೊಮೇನಿಗೆ ನನ್ನ ಲ್ಯಾಪ್‌ಟಾಪಿನ ವಿಳಾಸ ಬರೆದು 5552ರಲ್ಲಿ ಕಿವಿಗೊಟ್ಟು ಕುಳಿತೆ. ಕೆಲವೇ ಕ್ಷಣಗಳಲ್ಲಿ ಅದು ಬಂದು ಬಾಗಿಲು ತಟ್ಟಿತು. ಕಂಪ್ಯೂಟರಿನ ಹೆಸರು, ಬಳಕೆದಾರನ ಹೆಸರು, ವಿಂಡೋಸಿನ ಆವೃತ್ತಿ, ಕ್ಯಾಮೆರಾ ಇದೆಯೋ ಇಲ್ಲವೋ ಎಂಬುದು ನೇರವಾಗಿಯೇ ಕಾಣಿಸಿತು, ಬೇಸ್64 ಎಂಬ ಸಂಕೇತದ ಬರಹ ಬಿಡಿಸಿದಾಗ ಆ ಕ್ಷಣ ಪರದೆಯ ಮೇಲೆ ತೆರೆದಿದ್ದ ಟ್ಯಾಲಿ ಕಿಟಕಿಯ ಶೀರ್ಷಿಕೆಯೂ ಕಾಣಿಸಿತು. ಅದರ ಫೋಟೊ ತೋರಿಸಿದ ಮೇಲೆಯೇ ಮಂಡಿಯ ಯಜಮಾನರಿಗೆ ವಿಷಯದ ತೂಕ ತಿಳಿದದ್ದು. ಅಲ್ಲಿಯವರೆಗೆ ಅವರದು, “ಐನೂರು ರೂಪಾಯ್ ಕೆಲ್ಸಕ್ಕೆ ಮೂರು ಸಾವ್ರ ಅಂತೀಯಲ್ಲಪ್ಪ” ಎಂಬ ಒಂದೇ ರಾಗ. ಕೊನೆಗೆ ಎರಡೂವರೆ ಸಾವಿರಕ್ಕೆ ಒಪ್ಪಿದರು, ಎಸ್‌ಎಸ್‌ಡಿಯ ದುಡ್ಡು ಕಳೆದರೆ ನನಗೆ ಉಳಿದದ್ದು ಒಂಬೈನೂರರ ಆಸುಪಾಸು.

ಎಲ್ಲಕ್ಕೂ ಇದೇ ದಾರಿ ಎಂದು ನಾನು ಹೇಳುವುದಿಲ್ಲ. ವಿಂಡೋಸಿನ ತಿರುಳಾದ ಕರ್ನಲ್ ಡ್ರೈವರಿನ ಮಟ್ಟಕ್ಕೆ ಇಳಿದ ಬ್ಯಾಕ್‌ಡೋರ್ ಕಂಡರೆ ನಾನೂ ಡಿಸ್ಕನ್ನು ಪೂರ್ತಿ ಒರೆಸಿ, ಮೈಕ್ರೋಸಾಫ್ಟಿನ ತಾಣದಿಂದ ಇಳಿಸಿಕೊಂಡ ವಿಂಡೋಸ್ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಕಡತ) ಹಾಕುತ್ತೇನೆ. ಇನ್ನು ಎನ್‌ಜೆರ್‍ಯಾಟ್ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನೂ ಕೀಬೋರ್ಡಿನಲ್ಲಿ ಒತ್ತಿದ್ದನ್ನೂ ಸಾಗಿಸುವುದರಿಂದ, ಬ್ಯಾಂಕು, ಜಿಎಸ್‌ಟಿ, ಇಮೇಲ್ ಮೂರರ ಪಾಸ್‌ವರ್ಡನ್ನೂ ನನ್ನ ಲ್ಯಾಪ್‌ಟಾಪಿನಲ್ಲಿ, ಯಜಮಾನರ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಕೈಯಿಂದಲೇ ಬದಲಾಯಿಸಿದೆ. ಆಫೀಸ್‌ಗೆ ದುಡ್ಡು ಕೊಡಲು ಯಜಮಾನರು ಇನ್ನೂ ಒಪ್ಪಿಲ್ಲ. ಸದ್ಯಕ್ಕೆ ಮಂಡಿಯ ಪತ್ರಗಳೆಲ್ಲ ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನಲ್ಲೇ ತಯಾರಾಗುತ್ತಿವೆ.