ಅರೆತಲೆನೋವಿಗೆ ಡೆಕ್ಸಾ: ಯಾರಿಗೆ, ಎಷ್ಟು, ಹೇಗೆ

ಡೆಕ್ಸಾ, ಅಂದರೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ನೋವು ಇಳಿಸುವ ಸೂಜಿಯಲ್ಲ. ಇಳಿದ ನೋವು ಎರಡು-ಮೂರು ದಿನದೊಳಗೆ ಮತ್ತೆ ಏಳದಂತೆ ತಡೆಯುವುದಷ್ಟೇ ಅದರ ಕೆಲಸ. ಅದೂ ಸುಮಾರು ಒಂಬತ್ತು ಜನರಿಗೆ ಕೊಟ್ಟರೆ ಒಬ್ಬರಿಗೆ ಫಲ. ಆದರೂ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಿಂದ ಹಾನಗಲ್ಲಿನ ಸಣ್ಣ ಕ್ಲಿನಿಕ್ಕಿನವರೆಗೆ 'ಹ್ವಾದ ಸಲದ ಡೆಕ್ಸಾನ ಮಾಡ್ರಿ ಸರ' ಎನ್ನುವವರಿಗೆ ಕೊರತೆಯಿಲ್ಲ. ಕೇಳಿದ ಕೂಡಲೇ ಚುಚ್ಚಿ ಕಳಿಸುವವರಿಗೂ.

ಮೊದಲು ಇದು ಅರೆತಲೆನೋವೇ (ಮೈಗ್ರೇನ್) ಹೌದೋ ನೋಡಬೇಕು. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, 50 ದಾಟಿದ ಮೇಲೆ ಹೊಸದಾಗಿ ಶುರುವಾದದ್ದು, ಗರ್ಭಿಣಿ, ಬಾಣಂತಿ: ಇವರಿಗೆ ತಪಾಸಣೆ ಮೊದಲು, ಸ್ಟೀರಾಯ್ಡ್ ಮಾತು ಆಮೇಲೆ.

ಮನೆಯಲ್ಲಿ ನುಂಗಿದ ಗುಳಿಗೆಯ ಸ್ಟ್ರಿಪ್ ತೋರಿಸಿ. ಅಂಗಡಿಯವರು ಕತ್ತರಿಸಿ ಕೊಟ್ಟ ಎರಡು ಗುಳಿಗೆಯ ತುಂಡಿನಲ್ಲಿ ಎಷ್ಟೋ ಸಲ ಹೆಸರೇ ಇರುವುದಿಲ್ಲ, ಕೊಳ್ಳುವಾಗಲೇ ಬರೆಸಿಕೊಳ್ಳಿ. ಎರ್ಗೊಟಮೀನ್ ಎಂಬ ಹಳೆಯ ಮೈಗ್ರೇನ್ ಔಷಧ ಬೆರೆತ ಗುಳಿಗೆ ತಿಂದಿದ್ದರೆ 24 ತಾಸು ಸುಮಾಟ್ರಿಪ್ಟಾನ್ (ಟ್ರಿಪ್ಟಾನ್ ಗುಂಪಿನ ಮೈಗ್ರೇನ್ ಔಷಧ) ಕೊಡುವಂತಿಲ್ಲ.

ನೋವಿಗೆ ವಾಂತಿ ತಡೆಯುವ ಸೂಜಿ ಮೆಟೊಕ್ಲೊಪ್ರಮೈಡ್ 10 ಮಿ.ಗ್ರಾಂ. ವಾಂತಿ ಇಲ್ಲದಿದ್ದರೂ ಇದು ತಲೆನೋವಿಗೇ ಕೆಲಸ ಮಾಡುತ್ತದೆ. 100 ಮಿ.ಲೀ. ಸಲೈನಿನಲ್ಲಿ ಬೆರೆಸಿ 15 ನಿಮಿಷ ಬಿಡಬೇಕು. ಗಡಿಬಿಡಿಯಲ್ಲಿ ನೂಕಿದರೆ ಚಡಪಡಿಕೆ ಹತ್ತಿ ರೋಗಿ ಎದ್ದು ಸಲೈನ್ ಕಿತ್ತುಕೊಳ್ಳಲು ನೋಡುತ್ತಾರೆ, ಮನೆಯವರು 'ಸೂಜಿ ಒಗ್ಗಲಿಲ್ಲ' ಎನ್ನುತ್ತಾರೆ. ಜೊತೆಗೆ ಕತ್ತಲೆ ಕೋಣೆ. ಅಫೀಮು ಜಾತಿಯ ನೋವಿನ ಔಷಧ ಟ್ರಮಡಾಲ್ ಕಡೆಗೆ ಕೈ ಹಾಕಲೇಬೇಡಿ.

ಇನ್ನು ಡೆಕ್ಸಾ. ನೋವು 72 ತಾಸು ದಾಟಿದವರಿಗೆ, ಹಿಂದೆ ಮನೆಗೆ ಹೋದ ಮರುದಿನವೇ ನೋವು ಮರುಕಳಿಸಿದವರಿಗೆ ಮಾತ್ರ ಇದು. ಸಾಮಾನ್ಯವಾಗಿ ಸಿಗುವ 2 ಮಿ.ಲೀ. ವಯಲ್‌ನಲ್ಲಿ 8 ಮಿ.ಗ್ರಾಂ ಇರುತ್ತದೆ, ಒಂದು ವಯಲ್ ಸಾಕು. ಹಳೆಯ ಅಧ್ಯಯನಗಳಲ್ಲಿ 24 ಮಿ.ಗ್ರಾಂವರೆಗೂ ಕೊಟ್ಟದ್ದುಂಟು, ಆದರೆ 4 ಮತ್ತು 16 ಮಿ.ಗ್ರಾಂ ಹೋಲಿಸಿ ನೋಡಿದಾಗ 16ರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಕೊಡುವ ಮುನ್ನ ಬೆರಳು ಚುಚ್ಚಿ ಸಕ್ಕರೆ ನೋಡಲೇಬೇಕು. ಮಧುಮೇಹಿಗಳಿಗೆ ಒಂದೆರಡು ದಿನ ಸಕ್ಕರೆ ಏರುತ್ತದೆ, ಇದನ್ನು ಮೊದಲೇ ಹೇಳಿ ಕಳಿಸಿ. ಹೊಟ್ಟೆಹುಣ್ಣಿನಿಂದ ರಕ್ತ ಹೋಗುತ್ತಿದ್ದವರಿಗೆ, ಸೋಂಕು ಇರುವವರಿಗೆ ಬೇಡ. ನೇರ ರಕ್ತನಾಳಕ್ಕೆ ಜೋರಾಗಿ ನೂಕಿದರೆ ಕೆಲವೇ ಸೆಕೆಂಡಿನಲ್ಲಿ ಗುಪ್ತಾಂಗದ ಸುತ್ತ ಬೆಂಕಿ ಬಿದ್ದ ಹಾಗೆ ಉರಿ, ತುರಿಕೆ. ಬೇಗನೆ ಇಳಿಯುತ್ತದೆ ನಿಜ. ಆದರೆ ನಾಚಿಕೆಗೆ ಯಾರಿಗೂ ಹೇಳಲಾಗದೆ ಹೆದರಿ ಕೂರುವ ಹೆಣ್ಣುಮಕ್ಕಳು ಬಹಳ. ಇದನ್ನೂ ಸಲೈನಿನಲ್ಲಿ ಬೆರೆಸಿ ನಿಧಾನ ಬಿಟ್ಟರೆ ಈ ಫಜೀತಿ ಬಹುತೇಕ ತಪ್ಪುತ್ತದೆ. ಆ ರಾತ್ರಿ ನಿದ್ದೆ ಕೆಡಬಹುದು.

ತಿಂಗಳಿಗೊಮ್ಮೆ ಡೆಕ್ಸಾ ಎಂಬ ಪದ್ಧತಿ ಮಾತ್ರ ಬೇಡ. ಪದೇಪದೇ ಸ್ಟೀರಾಯ್ಡ್ ಬಿದ್ದರೆ ಸೊಂಟದ ಕೀಲಿನ ಎಲುಬು ರಕ್ತವಿಲ್ಲದೆ ಸಾಯಬಹುದು.

ಮನೆಗೆ ಹೋದ ಮೇಲೆ ಗುಳಿಗೆ ನುಂಗಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಾದಾ ನೋವಿನ ಗುಳಿಗೆ ತಿಂಗಳಿಗೆ 15 ದಿನ, ಟ್ರಿಪ್ಟಾನ್ ಅಥವಾ ಒಂದಕ್ಕಿಂತ ಹೆಚ್ಚು ಔಷಧ ಬೆರೆತ ಗುಳಿಗೆ 10 ದಿನ ಮುಟ್ಟಿದರೆ ಗುಳಿಗೆಯೇ ತಲೆನೋವು ತರಲು ಶುರುಮಾಡುತ್ತದೆ. ಆ ಕ್ಯಾಲೆಂಡರ್ ಹಿಡಿದುಕೊಂಡು ನರರೋಗ ತಜ್ಞರ ಹತ್ತಿರ ಹೋಗಿ.